ಮರಳುಗಾಡಿನ ಅರವಟ್ಟಿಗೆ

ಪೀಣ್ಯದಲ್ಲಿ ಎರಡು ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡುಗಳ ನಡುವೆ ಸಿಕ್ಕಿಕೊಂಡಿದ್ದ ಒಂದು ಶೆಡ್ಡಿನಲ್ಲಿ ನಾನು ರಫ್ತು ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗವೆಂದರೆ ಲೇತ್ ಯಂತ್ರದ ಹಿಂದೆ ಒಂದು ಮೇಜು, ಒಂದು ಟೈಪ್‌ರೈಟರು, ಕೂತರೆ ಎಡಕ್ಕೆ ವಾಲುವ ಒಂದು ಕುರ್ಚಿ. ಸಿಬ್ಬಂದಿ ನಾನೊಬ್ಬನೇ. ಆ ತನಕ ನಮ್ಮ ಯಾವ ಸರಕೂ ತುಮಕೂರು ದಾಟಿರಲಿಲ್ಲವಾದ್ದರಿಂದ ವಿಭಾಗದ ಮೇಲೆ ಕೆಲಸದ ಒತ್ತಡ ಅಷ್ಟಾಗಿ ಇರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ದೇಶದ ಬಾಗಿಲು ತೆರೆದಿದೆ ಎಂದು ಪತ್ರಿಕೆಗಳು ದಿನವೂ ಬರೆಯುತ್ತಿದ್ದವು. ಪೀಣ್ಯದವರೆಲ್ಲ ತಂತಮ್ಮ ಶಟರು ಅರ್ಧ ಎತ್ತಿಟ್ಟು, ಆ ಬಾಗಿಲಿನಿಂದ ಯಾರಾದರೂ ಬರುತ್ತಾರೇನೋ ಎಂದು ಕಾಯುತ್ತಿದ್ದರು.

ನಮ್ಮ ಯಜಮಾನರು ಹಾವೇರಿ ಕಡೆಯವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು. ದೊಡ್ಡ ಕಾರ್ಖಾನೆಯ ಎಂಜಿನಿಯರ್ ಕೆಲಸ ಬಿಟ್ಟು ಬಂದು, ಉಪ್ಪುನೀರನ್ನು ಕುಡಿಯುವ ನೀರಾಗಿಸುವ ಯಂತ್ರ ಕಟ್ಟುತ್ತಿದ್ದರು. ಅದರ ಜೀವವೆಲ್ಲ ಒಳಗಿನ ತೆಳು ಪೊರೆಯಲ್ಲಿ. ಒತ್ತಡ ಹಾಕಿ ನೀರನ್ನು ಅದರ ಮೂಲಕ ಹಾಯಿಸಿದರೆ ಉಪ್ಪು ಈಚೆ ಉಳಿಯುತ್ತದೆ, ನೀರು ಆಚೆ ಹೋಗುತ್ತದೆ. ಆದರೆ ಒಮ್ಮೆ ನೆನೆದ ಪೊರೆ ಮತ್ತೆ ಒಣಗಬಾರದು; ಕೊಳೆಯಲೂ ಬಾರದು. “ಹೊಸಾ ಅಳಿಯನ ಹಂಗ ನೋಡ್ಕೋಬೇಕ್ರೀ ಇದನ್ನ, ಯಾವಾಗ ಸಿಟ್ಟಾಗ್ತೈತೋ ಗೊತ್ತಿಲ್ಲ,” ಎನ್ನುತ್ತಿದ್ದರು.

ಕೊಲ್ಲಿ ದೇಶದ ವ್ಯಾಪಾರಿಯೊಬ್ಬ, ಮರಳುಗಾಡಿನ ಕೂಲಿ ಕ್ಯಾಂಪುಗಳಿಗೆ ನೀರು ಒದಗಿಸುವ ಗುತ್ತಿಗೆಯವನು, ನಮ್ಮ ಒಂದು ಯಂತ್ರವನ್ನು ಮಾದರಿಗೆಂದು ತರಿಸಿಕೊಳ್ಳಲು ಒಪ್ಪಿದ. ಅದು ಸರಿಯಾಗಿ ನಡೆದರೆ ಪ್ರತಿ ಕ್ಯಾಂಪಿಗೂ ಒಂದೊಂದು. ನಡೆಯದಿದ್ದರೆ ನಮ್ಮ ಶೆಡ್ಡು ಬಹಳ ದಿನ ನಿಲ್ಲುವುದಿಲ್ಲವೆಂದು ಲೇತ್ ತಿರುಗಿಸುವವನಿಗೂ ಗೊತ್ತಿತ್ತು. ಯಜಮಾನರಿಗೆ ಮಾತ್ರ ವ್ಯಾಪಾರಕ್ಕಿಂತ ಬೇರೆಯದೇ ಹಂಬಲ.

“ಬ್ಯಾಸಗಿ ಬಂತಂದ್ರ ಊರಾಗ ನಮ್ಮ ಮನಿ ಮುಂದ ಅರವಟ್ಟಿಗಿ ಇಡತಿದ್ವಿ. ಹೋಗೋರು ಬರೋರು ನೀರು ಕುಡದು, ಮನಿಯವ್ರ ಹೊಟ್ಟಿ ತಣ್ಣಗಿರ್ಲಿ ಅಂತಿದ್ರು. ಇದೂ ಅದೇ ರೀ ಮ್ಯಾನೇಜರ್ರೇ, ಸ್ವಲ್ಪ ದೂರ ಆತು ಅಷ್ಟ.”

ಅವರ ಹೆಂಡತಿ ಈ ಮಾತನ್ನು ಗಂಡನಿಗಿಂತ ಗಟ್ಟಿಯಾಗಿ ನಂಬಿದರು.

ಯಂತ್ರದ ಪರೀಕ್ಷೆಗೆ ಉಪ್ಪುನೀರು ಬೇಕಿತ್ತು. ಬೋರ್‌ವೆಲ್ಲಿನ ನೀರು ನೆರೆಹೊರೆಯ ಕೃಪೆಯಿಂದ ಹಳದಿಗೆ ತಿರುಗಿ ನೆಲ ಒರೆಸಲೂ ಲಾಯಕ್ಕಾಗಿರಲಿಲ್ಲ. ಹಾಗಾಗಿ ನಾವು ಟ್ಯಾಂಕರಿನಲ್ಲಿ ಸಿಹಿನೀರು ತರಿಸಿ, ಅದಕ್ಕೆ ಮೂಟೆಗಟ್ಟಲೆ ಕಲ್ಲುಪ್ಪು ಸುರಿದು, ಕದಡಿ, ಯಂತ್ರಕ್ಕೆ ಕುಡಿಸಿ, ಮತ್ತೆ ಸಿಹಿನೀರು ಪಡೆಯುವ ಮಹತ್ಕಾರ್ಯದಲ್ಲಿ ತೊಡಗಿದೆವು. ಟ್ಯಾಂಕರಿನ ಡ್ರೈವರು ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದ.

“ಏನ್ ಸಾರ್, ನಾನ್ ತಂದಿದ್ ನೀರಾಗೆ ಏನ್ ಕಮ್ಮಿ ಆಗಿತ್ತು? ಉಪ್ಪಾಕಿ ಉಪ್ಪು ತೆಗಿಯೋಕೆ ಇಷ್ಟು ಜನ ಓದ್ಕೊಂಡ್ ಬಂದಿದೀರಾ?”

“ಇದು ಮರಳುಗಾಡಿಗೆ ಕಣಪ್ಪಾ,” ಎಂದೆ.

“ಅಂಗಾದ್ರೆ ಡೀಸೆಲ್ ಆಕ್ಸಿಬಿಡಿ, ನಾನೇ ಅಲ್ಗಂಟ ಓಡಿಸ್ಕೊಂಡ್ ಓಗ್ತೀನಿ.”

ಯಜಮಾನರು ಯಂತ್ರದಿಂದ ಬಂದ ನೀರನ್ನು ಒಂದು ಲೋಟದಲ್ಲಿ ಹಿಡಿದು ಅವನಿಗೆ ಕೊಟ್ಟರು. ಕುಡಿದು ತುಟಿ ಒರೆಸಿಕೊಂಡ. “ಪರವಾಗಿಲ್ಲ ಸಾರ್, ನನ್ ನೀರ್ ನನಗೇ ವಾಪಸ್ ಬಂತು,” ಎಂದ. ನಮ್ಮ ಯಂತ್ರಕ್ಕೆ ಸಿಕ್ಕ ಮೊದಲ ಪ್ರಮಾಣಪತ್ರವದು. ಅದೇ ಕೊನೆಯದೂ ಆಯಿತು.

ಅಮ್ಮಾವ್ರ ವಿಷಯ ಹೇಳಬೇಕು; ಯಜಮಾನರ ಹೆಂಡತಿಯನ್ನು ಶೆಡ್ಡಿನವರೆಲ್ಲ ಹಾಗೇ ಕರೆಯುತ್ತಿದ್ದೆವು. ಚಿಕ್ಕಬಾಣಾವರದ ಮನೆಯಿಂದ ದಿನವೂ ಬುತ್ತಿ ಕಳಿಸುವರು. ನನ್ನ ಹೆಂಡತಿ ಒಮ್ಮೊಮ್ಮೆ ಸ್ಟೀಲ್ ಡಬ್ಬಿಯಲ್ಲಿ ಹುಳಿಯನ್ನೋ ಸಾರಿನ ಪುಡಿಯನ್ನೋ ಅವರಿಗೆ ಕಳಿಸಿದರೆ, ಆ ಡಬ್ಬಿ ಖಾಲಿ ಬಂದದ್ದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಇರುತ್ತಿತ್ತು. “ಬರೇ ಪಾತ್ರಿ ಯಾರರೆ ಕಳಸ್ತಾರೇನ್ರಿ ಅಣ್ಣಾರ? ಕೊಟ್ಟ ಮನಿಗೂ ಚಲೋ ಅಲ್ಲ, ಹೋದ ಮನಿಗೂ ಚಲೋ ಅಲ್ಲ.” ಮಿಕ್ಸಿ ರಿಪೇರಿಗೆ ಹೋದಾಗ ಜಾರಿನೊಳಗೆ ಒಂದು ಚಮಚ ಸಕ್ಕರೆಯಿತ್ತೆಂದು ರಿಪೇರಿಯವನು ತಲೆ ಕೆರೆದುಕೊಂಡಿದ್ದುಂಟು. ನಾವೆಲ್ಲ ನಕ್ಕಿದ್ದೆವು.

ಲಾರಿ ಬರುವ ದಿನ ಯಂತ್ರಕ್ಕೆ ಪೂಜೆಯಿಟ್ಟುಕೊಂಡೆವು. ದೊಡ್ಡ ಬೀರುವಿನಷ್ಟಿದ್ದ ಯಂತ್ರ, ಅದರ ನೆತ್ತಿಯ ಮೇಲೊಂದು ಸ್ಟೀಲ್ ಟ್ಯಾಂಕು. ದಾರಿಯಲ್ಲಿ ಪೊರೆ ಒಣಗದಂತೆ, ಕೊಳೆಯದಂತೆ ಯಜಮಾನರು ಆ ಟ್ಯಾಂಕಿಗೆ ತಾವೇ ಔಷಧಿ ನೀರು ತುಂಬಿ ಮುಚ್ಚಳ ಇಟ್ಟಿದ್ದರು. ಬೋಲ್ಟು ಬಿಗಿಯುವುದು ಮಂಗಳಾರತಿಯಾದ ಮೇಲೆ ಎಂದು ತೀರ್ಮಾನವಾಗಿತ್ತು. ಅಮ್ಮಾವ್ರು ಇಳಕಲ್ ಸೀರೆಯುಟ್ಟು ಬಂದು ಯಂತ್ರಕ್ಕೆ ವಿಭೂತಿ, ಕುಂಕುಮ ಹಚ್ಚಿದರು. ನಾವು ಗಂಡಸರು ಲಾರಿಯ ಮುಂದೆ ಕುಂಬಳಕಾಯಿ ಒಡೆಯಲು, ಚಕ್ರಕ್ಕೆ ನಿಂಬೆಹಣ್ಣು ಇಡಲು, ಮುಖ್ಯವಾಗಿ ಇದನ್ನೆಲ್ಲ ಹೇಗೆ ಮಾಡಬೇಕೆಂದು ಜಗಳವಾಡಲು ಹೊರಗೆ ಹೋದೆವು. ಒಳಗೆ ಬಂದಾಗ ಅಮ್ಮಾವ್ರು ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಮುಗೀತ್ರಿ. ಇನ್ನ ಹೋಗ್ಲಿ,” ಎಂದರು.

ನಮ್ಮ ಫಿಟ್ಟರ್ ಬೋಲ್ಟು ಬಿಗಿದ. ಬಿಜಾಪುರ ಕಡೆಯ ಹುಡುಗ, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಯಂತ್ರ ಹಡಗಿನಲ್ಲಿ ಹೋಯಿತು. ಅದನ್ನು ಅಲ್ಲಿ ಕೂರಿಸಿ ಬರಲು ಅವನು ವಿಮಾನದಲ್ಲಿ ಹೋದ.

ಯಂತ್ರ ಬಂದರಿನ ಬಿಸಿಲಲ್ಲಿ ವಾರಗಟ್ಟಲೆ ಬಿದ್ದಿತ್ತಂತೆ. ಕೊನೆಗೆ ಒಂದು ಬೆಳಿಗ್ಗೆ ಫೋನು ಬಂತು. ಲೈನು ಕೆಟ್ಟದಾಗಿದ್ದುದರಿಂದ ಫಿಟ್ಟರ್ ಕಿರುಚುತ್ತಿದ್ದ. ಯಜಮಾನರ ಕಿವಿಗೆ ಬಿದ್ದದ್ದೆಲ್ಲ ರಫ್ತು ವಿಭಾಗಕ್ಕೂ ಕೇಳುತ್ತಿತ್ತು.

“ಸಾಹೇಬ್ರ, ಮುಚ್ಚಳ ತಗದೇವ್ರಿ. ಹೆಂಡದ ಅಂಗಡಿ ವಾಸನಿ ಬರಾಕತ್ತೈತ್ರಿ!”

“ಏನಂದಿ?”

“ಟ್ಯಾಂಕಿನ ತಳದಾಗ ಒಂದು ಹಳದಿ ಅರಿವಿ ಐತ್ರಿ. ಅರಿಷಿಣ ಕೊಂಬು, ಅಡಿಕಿ… ಬೆಲ್ಲನೂ ಇತ್ತು ಅನಸ್ತೈತ್ರಿ, ದೊಡ್ಡ ಉಂಡಿನ ಇರಬೇಕು. ಪೂರಾ ಕರಗಿ ಒಳಗ ಇಳದೈತಿ. ಪೊರಿ ಎಲ್ಲಾ ಲೋಳಿ ಲೋಳಿ ಆಗೇತ್ರಿ.”

ಔಷಧಿ ನೀರು ಬೆಲ್ಲಕ್ಕೆ ಸೋತಿತ್ತು. ಮದ್ಯದ ಹನಿಯನ್ನೂ ಒಳಗೆ ಬಿಡದ ದೇಶಕ್ಕೆ, ಚಹಾ ಬಿಟ್ಟು ಬೇರೇನನ್ನೂ ಕುಡಿಯದ ನಮ್ಮ ಯಜಮಾನರು ಒಂದು ಟ್ಯಾಂಕು ಹೆಂಡ ರಫ್ತು ಮಾಡಿದ್ದರು. ವ್ಯಾಪಾರಿಯ ಕಡೆಯ ಎಂಜಿನಿಯರು ಮೂಗು ಮುಚ್ಚಿಕೊಂಡು ಹೊರಟುಹೋದನಂತೆ. ಹೊಸ ಪೊರೆ ಕಳಿಸುತ್ತೇವೆಂದು ಯಜಮಾನರು ಮತ್ತೆ ಮತ್ತೆ ಫೋನು ಮಾಡಿದರು. ಬೇರೆ ದೇಶದ ಯಂತ್ರ ಗೊತ್ತುಮಾಡಿಯಾಗಿದೆ ಎಂದು ಉತ್ತರ ಬಂತು. ನಮ್ಮದು ಅಲ್ಲೇ ಗುಜರಿಗೆ ಹೋಯಿತು.

ಇದೆಲ್ಲ ಆಮೇಲಿನದು; ಆ ಬೆಳಿಗ್ಗೆ ಯಜಮಾನರು ರಿಸೀವರು ಇಟ್ಟು, ಶೆಡ್ಡಿನ ಎಲ್ಲರನ್ನೂ ಕರೆದರು. ಬೈಯುತ್ತಾರೆಂದುಕೊಂಡೆವು.

“ಮನಿಯಾಗ ಇದು ಗೊತ್ತಾಗಬಾರದ್ರಿ,” ಎಂದರು. “ಯಾರ ಬಾಯಿಂದಾನೂ.”

ಅಷ್ಟೇ. ಆಮೇಲೆ ಹೋಗಿ ಲೇತಿನ ಮೇಲೆ ಬಿದ್ದಿದ್ದ ಕಬ್ಬಿಣದ ಚೂರುಗಳನ್ನು ಬಟ್ಟೆಯಿಂದ ಒರೆಸತೊಡಗಿದರು. ಅದು ಅವರ ಕೆಲಸವಾಗಿರಲಿಲ್ಲ.

ಒಂದು ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಅಮ್ಮಾವ್ರು ರೊಟ್ಟಿ ಬಡಿಸುತ್ತ ಕೇಳಿದರು: “ಅಲ್ರೀ, ಅರವಟ್ಟಿಗಿ ನಡದೈತಿ ಅಂದ್ರಿ. ಮತ್ತ ಇನ್ನೊಂದು ಮಷಿನ್ ಯಾಕ ಕೇಳವಲ್ಲರು ಅವ್ರು?”

ಯಜಮಾನರು ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ತಟ್ಟೆಯಿಂದ ಕಣ್ಣೆತ್ತದೆ, “ಅಲ್ಲಿ ಮಳಿ ಆತಂತ,” ಎಂದುಬಿಟ್ಟರು.

“ಮರಳುಗಾಡಿನ್ಯಾಗ?”

“ಹೂಂ. ಭಾಳ ಆತಂತ.”

ಅಮ್ಮಾವ್ರು ನನ್ನ ಕಡೆ ತಿರುಗಿದರು. ಇಂಥ ಸಂದರ್ಭದಲ್ಲಿ ಅಧಿಕೃತ ಹೇಳಿಕೆ ನೀಡುವುದು ರಫ್ತು ವಿಭಾಗದ ಹೊಣೆ. “ಹೌದು ಅಮ್ಮಾವ್ರೇ, ಕ್ಯಾಂಪಿನ ಮುಂದೆ ಕೆರೆ ಥರಾ ನಿಂತುಬಿಟ್ಟಿದೆಯಂತೆ,” ಎಂದೆ.

ಅವರು ರೊಟ್ಟಿಯ ಬುಟ್ಟಿ ಕೆಳಗಿಟ್ಟು ಕೈ ಮುಗಿದರು. “ಚಲೋ ಆತ್ ಬಿಡ್ರಿ. ನಮ್ಮ ಮಷಿನ್ ಕಾಲಿಟ್ಟ ಗುಣ ಅದು. ನಮಗೇನು, ಇನ್ನೊಂದು ಕಡೆ ಮಾರಿದ್ರಾತು. ಪಾಪ, ಎಷ್ಟು ವರ್ಷದಿಂದ ಬಾಯಿ ಬಿಟ್ಕೊಂಡು ಕಾದಿತ್ತೋ ಆ ನೆಲ.”

ಯಜಮಾನರು ಅಂದು ಬಡಿಸಿದ್ದನ್ನೆಲ್ಲ ತಿಂದರು. ನಾನು ಅರ್ಧ ರೊಟ್ಟಿಯನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದೆ.

ಇನ್ನೊಂದು ಕಡೆ ಎಂಬುದು ಸಿಗಲಿಲ್ಲ. ವೈಟ್‌ಫೀಲ್ಡಿನ ಕಡೆ ಏಳುತ್ತಿದ್ದ ಹೊಸ ಕಟ್ಟಡಗಳಿಗೆ ಫಿಲ್ಟರು ತೊಳೆದುಕೊಡುವ ಕೆಲಸ ಹಿಡಿದೆವು. ಒಬ್ಬೊಬ್ಬರೇ ಬೇರೆ ಕಡೆ ಹೋದರು. ಫಿಟ್ಟರ್ ಬೊಮ್ಮಸಂದ್ರದ ಕಾರ್ಖಾನೆಯೊಂದಕ್ಕೆ ಸೇರಿಕೊಂಡ. ಮುಖ್ಯಸ್ಥ ಸ್ಥಾನವನ್ನು ತ್ಯಜಿಸಲು ಮನಸ್ಸಿಲ್ಲದೆ ನಾನು ಉಳಿದೆ. ಒಂದು ಮಧ್ಯಾಹ್ನ ಊಟದ ಕ್ಯಾರಿಯರ್ ಬಿಚ್ಚುವ ಮೊದಲೇ ಯಜಮಾನರು ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ. ಆ ದಿನದ ಕ್ಯಾರಿಯರನ್ನು ತುಂಬಿದ್ದ ಹಾಗೆಯೇ ನಾನು ಚಿಕ್ಕಬಾಣಾವರಕ್ಕೆ ಒಯ್ದೆ.

ಮರುವರ್ಷ ಬೇಸಿಗೆಯಲ್ಲಿ ಫಿಟ್ಟರನ್ನು ಕರೆದುಕೊಂಡು ಅಮ್ಮಾವ್ರನ್ನು ನೋಡಲು ಹೋದೆ. ಗೇಟಿನ ಮುಂದೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹರವಿ, ಪಕ್ಕದಲ್ಲಿ ಲೋಟ. ನಮ್ಮ ಸ್ಟೀಲ್ ಡಬ್ಬಿಯಲ್ಲಿ ನನ್ನ ಹೆಂಡತಿ ಚಕ್ಕುಲಿ ಕಳಿಸಿದ್ದಳು. ಅಮ್ಮಾವ್ರು ಅದನ್ನು ತೆಗೆದುಕೊಂಡು, ಫಿಟ್ಟರನ್ನು ಹತ್ತಿರ ಕೂರಿಸಿಕೊಂಡರು.

“ತಮ್ಮಾ, ಒಂದು ಮಾತು ಕೇಳಬೇಕಿತ್ತು. ಅವ್ರಿಗೂ ಹೇಳಿರಲಿಲ್ಲ, ಕೇಳಿದ್ರ ನಗತಾರಂತ. ಆ ಮಷಿನ್ ಕಳಸೋ ಮುಂದ ಟ್ಯಾಂಕಿನ್ಯಾಗ ಒಂದು ಬೆಲ್ಲದ ಉಂಡಿ ಕಟ್ಟಿ ಇಟ್ಟಿದ್ದೆ. ಬರೇ ಪಾತ್ರಿ ಹೆಂಗ ಕಳಸೋದು? ನಿನಗ ಸಿಕ್ತೇನು?”

ನಾನು ಗೋಡೆಯ ಮೇಲಿದ್ದ ಯಜಮಾನರ ಫೋಟೋ ನೋಡುತ್ತಿದ್ದೆ. ಫಿಟ್ಟರ್ ಅವರ ಕಡೆ ತಿರುಗಿ ಕೂತ.

“ಸಿಕ್ತ್ರಿ ಅವ್ವಾರ,” ಎಂದ. “ಕ್ಯಾಂಪಿನ್ಯಾಗ ನಮ್ಮ ಕಡೆ ಹುಡುಗರು ಇದ್ರು. ಊರ ಬೆಲ್ಲ ಅಂತ ಒಬ್ಬೊಬ್ರು ಒಂದೊಂದು ಚೂರು ತಿಂದು, ಮ್ಯಾಲ ನಮ್ಮ ಮಷಿನ್ ನೀರು ಕುಡದ್ರು. ಸಾಹೇಬ್ರ ಹೊಟ್ಟಿ ತಣ್ಣಗಿರ್ಲಿ ಅಂದ್ರು.”

ಅಮ್ಮಾವ್ರು ಫೋಟೋದ ಕಡೆಗೆ ತಿರುಗಿ, “ಕೇಳಿದ್ರಿಲ್ಲೋ?” ಎಂದರು. ಆಮೇಲೆ ನನ್ನನ್ನು ಕೇಳಿದರು: “ಅಣ್ಣಾರ, ಈ ವರ್ಷ ಅಲ್ಲಿ ಮಳಿ ಹೆಂಗೈತಂತ?”

“ಚೆನ್ನಾಗಿದೆ ಅಮ್ಮಾವ್ರೇ. ಇಲ್ಲಿಗಿಂತ ಚೆನ್ನಾಗಿದೆ.”

ಹೊರಟಾಗ ಡಬ್ಬಿಯನ್ನು ತೊಳೆದು, ಒರೆಸಿ, ಮುಚ್ಚಿ ಕೈಗೆ ಕೊಟ್ಟರು. ಒಳಗೆ ಏನಿದೆಯೆಂದು ನೋಡುವ ಅಗತ್ಯವಿರಲಿಲ್ಲ. ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಫಿಟ್ಟರೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ಬಿಚ್ಚಿದ. ಬೆಲ್ಲದ ತುಂಡನ್ನು ಬೆಂಚಿನ ಅಂಚಿಗೆ ಕುಟ್ಟಿ ಎರಡು ಮಾಡಿದ. ಒಂದು ಚೂರನ್ನು ನನ್ನ ಕಡೆ ಚಾಚಿದ.

“ತಿನ್ರಿ ಮ್ಯಾನೇಜರ್ರ,” ಎಂದ. “ಚೂರು ತಿಂದ್ರು ಅಂತ ನಾ ಹೇಳಿದ್ದು ಅಷ್ಟರೆ ಖರೆ ಆಗ್ಲಿ.”