ಕೋಳಿ ಡಾಕ್ಟರು

ನಮ್ಮ ಪ್ರಯೋಗಾಲಯದ ಕೋಳಿ ಡಾಕ್ಟರು ನೆಲ ನೋಡಿ ನಡೆದವರಲ್ಲ. ಒಂದೇ ರೋಗದ ಮೂರು ತಳಿಯ ವೈರಸ್ಸುಗಳನ್ನು ಮೂರು ಗೂಡಿನ ಮರಿಗಳಿಗೆ ಚುಚ್ಚಿ, ಯಾವುದು ಬೇಗ ಕೊಲ್ಲುತ್ತದೆಂದು ನೋಡುವುದು ಅವರ ಕೆಲಸ. ಮರಿಗಳು ಬದುಕಿಕೊಂಡರೆ "ಥೂ, ದಂಡಪಿಂಡ ವೈರಸ್ಸು!" ಎಂದು ಮುಖ ಸಿಂಡರಿಸುತ್ತಾರೆ; ಎರಡೇ ದಿನದಲ್ಲಿ ಗೂಡು ಖಾಲಿಯಾದರೆ, ಮಗ ಮೊದಲ ದರ್ಜೆಯಲ್ಲಿ ಪಾಸಾದಂತೆ ಮೀಸೆ ತಿರುವುತ್ತಾರೆ. ಗೂಡು ತೊಳೆಯುವ ಅಕ್ಕ, ಒಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೇಳಿದಾಗ, "ನೀನೇನು ಕೋಳೀನಾ, ರೋಗ ಹತ್ತೋಕೆ?" ಎಂದು ನಕ್ಕಿದ್ದರು. ಕಳೆದ ವಾರ ಅಕ್ಕನ ಮನೆಯ ಹನ್ನೊಂದು ಕೋಳಿಗಳೂ ಸತ್ತವು. ಒಂದನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ನಮ್ಮದೇ ವೈರಸ್ಸು. ಮರುದಿನ ಡಾಕ್ಟರು ಅವಳ ಮನೆಗೆ ಹೋಗಿ, "ನಂದೇ ತಪ್ಪಮ್ಮಾ" ಎಂದು, ಪ್ಯಾಂಟು ಮಡಚಿ, ಖಾಲಿ ಗೂಡನ್ನು ತಾವೇ ತಿಕ್ಕಿ ತೊಳೆದರು. ಅಕ್ಕ ಬೇಡವೆನ್ನಲಿಲ್ಲ.