ಮುಳ್ಳು ಬಿಡಿಸಿ ಕೊಡದ ಹೀರಾ

ಗುರುವಾರ ಬೆಳಿಗ್ಗೆ ಹೀರಾ ಅವರ್ಸಾದ ತನ್ನ ಮನೆಯಲ್ಲಿ ತೀರಿಕೊಂಡಳು. ಹಬ್ಬುವಾಡದ ಅಂಗವಿಕಲ ಮಕ್ಕಳ ಶಾಲೆಯಲ್ಲಿ ಹದಿನೆಂಟು ವರ್ಷ ಅವಳು ಆಯಾ, ನಾನು ಟೀಚರ್. ಮಕ್ಕಳಿಗೆ ನೆರವಾಗುವುದೇ ಅವಳ ಕೆಲಸ, ಆದರೆ ಅವಳು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿರುತ್ತಿದ್ದಳು. ಮಗುವೊಂದು ಗುಂಡಿ ಹಾಕಲಾರದೆ ಅತ್ತರೆ, "ನಂಗೆ ಅರ್ಜೆಂಟ್ ಇಲ್ಲ, ನೀನೇ ಹಾಕು" ಎಂದು ಆಕಳಿಸುವಳು. ಒಂದು ಚಪ್ಪಲಿಯ ಪಟ್ಟಿಗಾಗಿ ನಾವು ತಪ್ಪಿಸಿಕೊಂಡ ಬಸ್ಸುಗಳೆಷ್ಟೋ! ಮಧ್ಯಾಹ್ನದ ಊಟ ಸಂಜೆಯ ಚಹದ ಹೊತ್ತಿಗೆ ಮುಗಿದರೆ ಬೇಗ ಮುಗಿಯಿತೆಂದೇ ಅರ್ಥ. ಕಾದು ಕಾದು ದಣಿದು ನಾನೇ ಎಷ್ಟೋ ಸಲ ರೇಗಿದ್ದೇನೆ. ಬಂಗಡೆ ಮೀನಿನ ಮುಳ್ಳನ್ನೂ ಅವಳು ಯಾರಿಗೂ ಬಿಡಿಸಿ ಕೊಡುತ್ತಿರಲಿಲ್ಲ. ಕೈ ನಡುಗುವ ಪುಟ್ಟ ಚಂದನಾಳ ತಾಯಿ ಒಮ್ಮೆ ಬೈತಖೋಲದಿಂದ ಬಂದು ಜಗಳಕ್ಕೇ ನಿಂತಳು. "ಹೀರಾಬಾಯಿ, ನಿನ್ ಕೈಗೆ ಎಂತ ಆಗದೆ? ಹುಡ್ಗಿ ಗಂಟ್ಲಿಗೆ ಮುಳ್ಳು ಸಿಕ್ಕಿದ್ರೆ?" "ನಾ ಕಣ್ಣು ಬಿಟ್ಕಂಡು ಇಲ್ಲೇ ಕೂತಿದ್ನಲ್ಲೆ. ನೀ ಸತ್ಮೇಲೆ ಅವ್ಳಿಗೆ ಮೀನು ಬ್ಯಾಡ್ವಾ?" ಎಂದಳು ಹೀರಾ. ಆ ಸಂಜೆ ಬಸ್ಸಿನಲ್ಲಿ ನೋಡಿದೆ, ಹೀರಾಳ ಅಂಗೈಯಲ್ಲಿ ಅವಳದೇ ಉಗುರುಗಳು ನಾಟಿದ ಗುರುತುಗಳಿದ್ದವು. ಸಾಯುವ ಹಿಂದಿನ ದಿನ, ಬುಧವಾರ ಸಂಜೆ, ನಾನು ಹೀರಾಳ ಮನೆಯಲ್ಲಿದ್ದಾಗ, ಈಗ ಇಪ್ಪತ್ತು ತುಂಬಿದ ಚಂದನಾ ಒಬ್ಬಳೇ ಬಸ್ಸು ಹತ್ತಿ ಬಂದಳು. ಹಾಸಿಗೆಯ ಪಕ್ಕ ಕೂತು, ಬಂಗಡೆಯ ಮುಳ್ಳು ಬಿಡಿಸಿ, ಹೀರಾಳಿಗೆ ತುತ್ತು ಕೊಟ್ಟಳು. ಅರ್ಧ ಸೆರಗಿಗೆ ಬಿತ್ತು. ನಾನು ಕೈ ಚಾಚಿದೆ, ಹೀರಾ ಕಣ್ಣಲ್ಲೇ ತಡೆದಳು. ಆಮೇಲೆ ನಾಲಿಗೆಯ ಮೇಲಿಂದ ಒಂದು ಮುಳ್ಳು ತೆಗೆದು ಚಂದನಾಳಿಗೆ ತೋರಿಸಿದಳು. "ಒಂದು ಉಳ್ದದೆ. ಸಮಾ ನೋಡು, ನಂಗೆ ಅರ್ಜೆಂಟ್ ಇಲ್ಲ" ಎಂದು ಮತ್ತೆ ಬಾಯಿ ತೆರೆದಳು.