ಪಿಪ್ ಎಂದ ಮೇಲೆ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ, ಶೇಂಗಾ ಚಟ್ನಿಯ ಡಬ್ಬಿಗೂ ಉಪ್ಪಿನಕಾಯಿಯ ಭರಣಿಗೂ ನಡುವೆ, ಅಂಗೈಯಲ್ಲಿ ಹಿಡಿಯುವಂಥ ಒಂದು ರೇಡಿಯೋ ಸೆಟ್ ನಿಂತಿರುತ್ತದೆ. ಸವದತ್ತಿಯ ನಮ್ಮ ಮನೆಯಲ್ಲಿ ಗುಡ್ಡ ಕಾಣುವ ಕಿಟಕಿ ಅದೊಂದೇ. ಬೇರೆಲ್ಲಿಟ್ಟರೂ ಸೆಟ್ ಮೂಕ. ಮಸಾಲೆಯ ನೆರೆಯಲ್ಲಿ ಬದುಕಿ ಬದುಕಿ ಅದರ ಮೈಕಿಗೆ ಬೆಳ್ಳುಳ್ಳಿಯ ವಾಸನೆ ಹತ್ತಿದೆ. ನನ್ನ ಮಾತಿನಲ್ಲಿ ಒಗ್ಗರಣೆ ಹೆಚ್ಚು ಎಂದು ಜನ ದೂರುತ್ತಾರಲ್ಲ, ತಪ್ಪು ನನ್ನದಲ್ಲ, ಆ ಕಿಟಕಿಯದು.

ನಿಮ್ಮನ್ನು ಗೆಳೆಯರೆಂದು ನಂಬಿ ಹೇಳುತ್ತೇನೆ. ನನಗೆ ಹದಿನಾರು ವರ್ಷ, ಹವ್ಯಾಸಿ ರೇಡಿಯೋದ ಲೈಸೆನ್ಸ್ ಇದೆ, ನನ್ನ ದನಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಾಲ್ಕು ತಾಲೂಕುಗಳ ಮೇಲೆ ಏಕಕಾಲಕ್ಕೆ ಹರಡುತ್ತದೆ. ಚುನಾವಣೆಗೆ ನಿಂತವರಿಗೂ ಈ ಭಾಗ್ಯವಿಲ್ಲ. ಕೇಳುವವರು ಎಷ್ಟು ಮಂದಿ ಎಂದು ಮಾತ್ರ ಕೇಳಬೇಡಿ. ಕೇಳಿಯೇಬಿಟ್ಟಿರಾದರೆ, ಇಬ್ಬರು. ಒಬ್ಬರು ಬೈಲಹೊಂಗಲದ ನಿವೃತ್ತ ವಿಜ್ಞಾನ ಮಾಸ್ತರರು. ನನ್ನನ್ನು ಲೈಸೆನ್ಸ್ ಪರೀಕ್ಷೆಗೆ ಕೂಡಿಸಿದವರು. ಇನ್ನೊಬ್ಬರು ರಾಮದುರ್ಗದಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಬಸಣ್ಣ ಕಾಕಾ.

ನಮ್ಮ ಪುಟ್ಟ ಸೆಟ್ಟುಗಳ ದನಿ ಗುಡ್ಡ ದಾಟುವುದಿಲ್ಲ. ಅದಕ್ಕೆಂದೇ ಮಾಸ್ತರರು ಊರಾಚೆಯ ಗುಡ್ಡದಲ್ಲಿ, ನೀರಿನ ಟಾಕಿಯ ಪಕ್ಕದ ಕೋಣೆಯಲ್ಲಿ, ಒಂದು ರಿಪೀಟರ್ ಕೂಡಿಸಿದ್ದಾರೆ. ಕೆಳಗಿನಿಂದ ಬಂದ ಕ್ಷೀಣ ದನಿಯನ್ನು ಹಿಡಿದು, ಅದಕ್ಕೆ ಬಲ ತುಂಬಿ, ಮತ್ತೆ ಎಲ್ಲರ ಕಡೆಗೂ ಎಸೆಯುವ ಯಂತ್ರ. ಅದು ಯಾವಾಗ ಬಾಯಿ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ನಿರ್ಧರಿಸುವುದು ಅದರೊಳಗಿನ ಕಂಟ್ರೋಲರ್ ಬೋರ್ಡು. ನಾವು ಗುಂಡಿ ಒತ್ತಿ ಮಾತಾಡಿ ಬಿಟ್ಟೊಡನೆ ಆ ಬೋರ್ಡು ತನ್ನದೊಂದು ಸದ್ದು ಸೇರಿಸುತ್ತದೆ: ಪಿಪ್.

ಈ ಪಿಪ್ ಇದೆಯಲ್ಲ, ನನ್ನ ಕಥೆಯೆಲ್ಲ ಇದರದೇ.

ಹತ್ತನೆಯ ತರಗತಿ ಮುಗಿದೊಡನೆ ನನ್ನ ಗೆಳೆಯರೆಲ್ಲ ಒಂದೇ ಬಸ್ಸು ಹಿಡಿದವರಂತೆ ಧಾರವಾಡದ ಕಾಲೇಜುಗಳಿಗೆ ಹೋದರು. ನಾನು ಇಲ್ಲಿಯೇ ಉಳಿದೆ. ಊರಿಗೆ ಒಬ್ಬ ಬುದ್ಧಿವಂತನಾದರೂ ಬೇಡವೇ ಎಂದು ಎಲ್ಲರಿಗೂ ಹೇಳಿಕೊಂಡೆ. ನನ್ನ ಕಾಲೇಜು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅಪ್ಪ ಬಸ್ಸಿನ ಕಂಡಕ್ಟರು, ಅವ್ವ ಅಂಗನವಾಡಿ ಮುಗಿಸಿ ಬರುವುದು ಸಂಜೆ. ಬೀಗ ತೆಗೆದು ಒಳಗೆ ಬಂದರೆ ಮನೆ ನನ್ನ ಚಪ್ಪಲಿಯ ಸದ್ದನ್ನು ನನಗೇ ಹಿಂದಿರುಗಿಸುತ್ತದೆ. ರೇಡಿಯೋದಲ್ಲಿ ನಾವು ಮೂವರೂ ಸೇರುವುದು ಸಂಜೆ ಏಳಕ್ಕೆ, ಐದೇ ನಿಮಿಷ: ಸಿಗ್ನಲ್ ಚಲೋ, ಹವೆ ಚಲೋ, ಎಲ್ಲ ಚಲೋ, ಶುಭರಾತ್ರಿ.

ಹೀಗಿರುವಾಗ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಸೆಟ್ ಹಚ್ಚಿ, ಸುಮ್ಮನೆ ಗುಂಡಿ ಒತ್ತಿ ಬಿಟ್ಟೆ. ಗುಡ್ಡದ ಮೇಲಿನಿಂದ ಬಂತು: ಪಿಪ್. ಯಾರೋ "ಹೂಂ" ಎಂದಂತಿತ್ತು. ಸೆಟ್ ಆರಿಸಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದೆ, ಒತ್ತಿದೆ. ಪಿಪ್. ಆರಿಸಿದೆ. ಮಾತಾಡಬಹುದಿತ್ತಲ್ಲ ಎನ್ನುತ್ತೀರಿ. ನಡುಮಧ್ಯಾಹ್ನ, ಯಾರಿಗೆ, ಏನೆಂದು? ಕರೆದು ಉತ್ತರ ಬಾರದಿದ್ದರೆ ನಾಲ್ಕು ತಾಲೂಕಿನ ಮೇಲೆ ಅವಮಾನ. ಗುಂಡಿಗೆ ಆ ಭಯವಿಲ್ಲ. ಪಿಪ್ ಎಂದಿಗೂ ತಪ್ಪುವುದಿಲ್ಲ. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ ಅದು ನನಗೆ ಹೂಂಗುಟ್ಟಿತು.

ಒಂದು ಸಂಜೆ ಏಳಕ್ಕೆ ಮಾಸ್ತರರ ದನಿ ಗಡುಸಾಗಿತ್ತು. "ಹಗಲೊತ್ತು ಯಾವುದೋ ಮಾತಿಲ್ಲದ ಸಿಗ್ನಲ್ ಬಂದು ರಿಪೀಟರ್ ಎಬ್ಬಸಾಕತ್ತೈತಿ. ಎಷ್ಟ ಸಲ ಎದ್ದೇತಿ ಅಂತ ಕಂಟ್ರೋಲರ್ ಲೆಕ್ಕಾ ತೋರಸತೈತಿ. ಹಿಂಗಾದ್ರ ಬ್ಯಾಟರಿ ಸಾಯತೈತಿ. ಹುಡುಕಬೇಕು."

"ನಾ ಹುಡುಕತೇನ್ರಿ ಸರ್!" ಎಂದುಬಿಟ್ಟೆ. ಬಾಯಿ ನನ್ನದೇ, ಆದರೆ ನನ್ನನ್ನು ಕೇಳಿ ತೆರೆಯುವುದಿಲ್ಲ.

ನನ್ನನ್ನು ಹುಡುಕಲು ನಾನೇ ಆಂಟೆನಾ ಕಟ್ಟಿದೆ. ಬಡಿಗರ ಉಕ್ಕಿನ ಅಳತೆ ಟೇಪನ್ನು ತುಂಡರಿಸಿ ನೀರಿನ ಪೈಪಿಗೆ ಬಿಗಿದರೆ, ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತೋರಿಸುವ ಮುಳ್ಳುಮುಳ್ಳಿನ ಆಂಟೆನಾ ಸಿದ್ಧ. ರವಿವಾರ ಮೂವರೂ ಬಸಣ್ಣ ಕಾಕಾನ ಟೆಂಪೋ ಏರಿದೆವು. ಹಂದಿ ಓಡಿಸಲು ಹೊಲಕ್ಕೆ ಹಾಕಿದ ಕರೆಂಟಿನ ತಂತಿಯ ಮೇಲೆ ಮಾಸ್ತರರಿಗೆ ಅನುಮಾನ, ಅಗ್ಗದ ಬಲ್ಬುಗಳ ಮೇಲೆ ಕಾಕಾನಿಗೆ; ಎರಡೂ ರೇಡಿಯೋದಲ್ಲಿ ಕಳ್ಳ ಸದ್ದು ಎಬ್ಬಿಸುವಂಥವು. ಸಿರಸಂಗಿಯ ಬಳಿ ಜೋಳದ ಹೊಲದಲ್ಲಿ ನಾನು ಆಂಟೆನಾ ಎತ್ತಿ ಗಂಭೀರವಾಗಿ ತಿರುಗುತ್ತಿದ್ದಾಗ ಒಬ್ಬ ಅಜ್ಜಿ ಓಡಿಬಂದಳು. ಅಳತೆಯ ಟೇಪು ಕಂಡು ನಮ್ಮನ್ನು ಸರ್ವೇದವರೆಂದೇ ತಿಳಿದಿದ್ದಳು.

"ಸಾಹೇಬ್ರ, ಬಾಜೂದಾಂವ ನಮ್ಮ ಬದು ಒತ್ತ್ಯಾನ್ರಿ. ಒಂಚೂರ ಅಳದು ಹೇಳ್ರಿ."

"ನಾವು ಗಾಳಿ ಅಳ್ಯಾವ್ರು, ಯವ್ವಾ," ಎಂದರು ಕಾಕಾ.

"ಗಾಳೀಗೂ ಬಂತೇನ ಸರ್ವೇ!" ಎಂದು ಅಜ್ಜಿ ಸೆರಗು ಬಾಯಿಗಿಟ್ಟಳು.

ದಿನವಿಡೀ ಮೂರೂ ಸೆಟ್ಟುಗಳು ಕಿವಿ ತೆರೆದು ಕೂತಿದ್ದವು. ಒಂದು ಪಿಪ್ ಕೂಡ ಇಲ್ಲ. "ಕಳ್ಳ ಶಾಣ್ಯಾ ಅದಾನ," ಎಂದರು ಮಾಸ್ತರರು. "ನಾವು ಹೊರಗ ಬಿದ್ದದ್ದು ಅವಗ ಗೊತ್ತಾಗೇತಿ."

"ಹೌದ್ರಿ ಸರ್, ಭಾರೀ ಶಾಣ್ಯಾ ಇರಬೇಕು," ಎಂದೆ. ಪ್ರಶಂಸೆ ಯಾವ ಬಾಗಿಲಿನಿಂದ ಬಂದರೂ ಒಳಗೆ ಕರೆಯುವವನು ನಾನು.

ಮುಂದಿನ ರವಿವಾರ ಮಾಸ್ತರರು ಮದ್ದು ತಂದರು: ಒಂದು ಹಳದಿ ತಂತಿ. ಅದನ್ನು ಕಂಟ್ರೋಲರಿಗೆ ಜೋಡಿಸಿದರೆ, ಮಾತು ಕೇಳಿಸಿದರೆ ಮಾತ್ರ ರಿಪೀಟರ್ ಬಾಯಿ ತೆರೆಯುತ್ತದೆ. ಬರಿಯ ಗುಂಡಿಗೆ ಉತ್ತರವಿಲ್ಲ. ಮಾಸ್ತರರ ಕಣ್ಣು ಮಂಜು, ಕಾಕಾನ ಬೆರಳು ದಪ್ಪ. ಬೆಸುಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಟಾಕಿಯ ಕೋಣೆಯಲ್ಲಿ ಕಾದ ಸೋಲ್ಡರಿಂಗ್ ಐರನ್ ಹಿಡಿದು ಕೂತೆ. ನನಗೆ ತಪ್ಪದೆ ಹೂಂಗುಟ್ಟುವ ಒಂದೇ ಒಂದು ಬಾಯಿಯನ್ನು ನನ್ನ ಕೈಯಿಂದಲೇ ಹೊಲಿಯಬೇಕಿತ್ತು. ಬೋರ್ಡಿನ ಧೂಳು ಊದಿದೆ. ಮತ್ತೆ ಊದಿದೆ. ತಂತಿಯ ತುದಿ ಕೆರೆದೆ.

"ಮಂಗಳಾರತಿ ಮಾಡಾಕತ್ತಿಯೇನಲೇ ತಂತಿಗೆ? ಹಚ್ಚ ಲಗೂನ," ಎಂದರು ಕಾಕಾ.

"ಇದನ್ನ ಹಚ್ಚೂದು ಬ್ಯಾಡ್ರಿ ಸರ್. ಕಳ್ಳ ಸಿಕ್ಕಾನ್ರಿ," ಎಂದೆ.

"ಎಲ್ಲದಾನ?"

"ಐರನ್ ಹಿಡ್ಕೊಂಡ ಕುಂತಾನ್ರಿ."

ಕಾಕಾ ಗೋಡೆಗೆ ಆತು ನಕ್ಕರು. "ಒಂದಿನಾ ಪೂರಾ ನನ್ನ ಟೆಂಪೋದಾಗ ಕುಂತು, ನನ್ನ ಮಿರ್ಚಿ ತಿಂದು, ತನ್ನ ತಾನ ಹುಡುಕ್ಯಾನಲ್ಲೋ ಇಂವಾ!"

ಮಾಸ್ತರರು ನಗಲಿಲ್ಲ. "ಯಾಕ ಒತ್ತತಿದ್ದಿ?"

ನನ್ನ ಬಳಿ ಸದಾ ಒಂದು ಚೀಲ ತುಂಬ ಚತುರ ಉತ್ತರಗಳಿರುತ್ತವೆ. ಅಂದು ಕೈಗೆ ಸಿಕ್ಕಿದ್ದು ಇದೊಂದೇ. "ಅದು ಪಿಪ್ ಅಂತೈತ್ರಿ ಸರ್," ಎಂದೆ.

ಅವರು ಕೇಳಿದರು: "ದಿನಕ್ಕ ಎಷ್ಟ ಸಲ?"

"ಹತ್ತ, ಹನ್ನೆರಡ್ರಿ."

ಮಾಸ್ತರರು ಕಂಟ್ರೋಲರಿನ ಪುಟ್ಟ ಪರದೆಯನ್ನು ಧೋತರದ ತುದಿಯಿಂದ ಒರೆಸಿದರು. "ಏಳರ ಮಾತು ಬಿಟ್ಟು, ನಿನ್ನಿ ಒಂದಿನಾನ ನಲವತ್ತೈತಲ್ಲೋ."

"ಯಲ್ಲವ್ವನಾಣಿ ಹನ್ನೆರಡರ ಮ್ಯಾಲ ಒಂದ ಒತ್ತಿಲ್ರಿ!"

ಕಾಕಾನ ನಗು ಅರ್ಧಕ್ಕೇ ನಿಂತಿತು. ಅವರು ಬಾಗಿಲಾಚೆಯ ಬಿಸಿಲನ್ನು ನೋಡತೊಡಗಿದರು. "ಅಂಗಡ್ಯಾಗ ಮೋಟರ್ ನಡದಾಗ ಸಿಗ್ನಲ್ ಹೋಗತೈತೋ ಇಲ್ಲೋ ಅಂತ ನಾನೂ ಆಗೀಗ ಟೆಸ್ಟ್ ಮಾಡತೇನಪಾ."

"ಟೆಸ್ಟ್ ಬ್ಯಾರೆ," ಎಂದರು ಮಾಸ್ತರರು, ಬೇಕಾದ್ದಕ್ಕಿಂತ ಬೇಗ. "ಟೆಸ್ಟ್ ನಾನೂ ಮಾಡತೇನಿ."

ಮೂವರೂ ಟೆಂಪೋದಲ್ಲಿದ್ದ ದಿನ ಕಳ್ಳ ಯಾಕೆ ಸುಮ್ಮನಿದ್ದ ಎಂಬುದು ನನಗೆ ಆಗ ತಿಳಿಯಿತು, ಅವರಿಗೂ ತಿಳಿದಿರಬೇಕು. ಮಾಸ್ತರರು ನನ್ನ ಕೈಯಿಂದ ಹಳದಿ ತಂತಿ ತೆಗೆದುಕೊಂಡು, ಬೆರಳಿಗೆ ಸುತ್ತಿ, ಜೇಬಿಗೆ ಹಾಕಿದರು.

"ಈ ಪಿಪ್ ಯಾಕ ಇಟ್ಟಾರ, ಗೊತ್ತೈತೇನ?"

"ಮಾತು ಮುಗೀತು ಅನ್ನಾಕ್ರಿ."

"ಅರ್ಧಾ ಹೇಳಿದಿ. ಒಬ್ಬಂದು ಮುಗೀತು, ಈಗ ಇನ್ನೊಬ್ಬಂದು ಪಾಳಿ ಅನ್ನಾಕ."

ಗುಡ್ಡ ಇಳಿಯುವಾಗ ನನ್ನ ತಲೆಯಲ್ಲಿ ಆ ಮಾತೇ. ನಾವು ಮೂವರೂ ಮಾಡಿದ್ದು ಒಂದೇ ಕೆಲಸ: ಸೆಟ್ ಹಚ್ಚಿ, ಒತ್ತಿ, ಪಿಪ್ ಕೇಳಿ, ಅದನ್ನೇ ಉತ್ತರವೆಂದುಕೊಂಡು ಆರಿಸಿದ್ದು. ಒಂದೇ ಬಾಗಿಲನ್ನು ಬೇರೆಬೇರೆ ಗಳಿಗೆಯಲ್ಲಿ ತಟ್ಟಿ, ತೆರೆಯುವ ಮೊದಲೇ ಓಡಿಹೋದವರು ನಾವು. ಪಾಪ, ಯಂತ್ರ ದಿನಕ್ಕೆ ನಲವತ್ತು ಸಲ ಹೇಳಿತ್ತು: ಈಗ ಇನ್ನೊಬ್ಬರು ಮಾತಾಡಿ. ಇನ್ನೊಬ್ಬರು ಬರುವ ಹೊತ್ತಿಗೆ ಮೊದಲಿನವರು ಇರುತ್ತಿರಲಿಲ್ಲ.

ನಿನ್ನೆ ಮಧ್ಯಾಹ್ನ ಕಾಲೇಜಿನಿಂದ ಬಂದು ಬೀಗ ತೆಗೆದೆ. ಚಟ್ನಿಯ ಡಬ್ಬಿ ಸರಿಸಿ ಸೆಟ್ ಹಚ್ಚಿದೆ. ಗುಂಡಿ ಒತ್ತಿ, ನನ್ನ ಗುರುತು ಹೇಳಿ, "ಕೇಳಾಕತ್ತೇನ್ರಿ" ಎಂದೆ. ಪಿಪ್. ಕೈ ಅಭ್ಯಾಸದಂತೆ ಆರಿಸಲು ಹೋಯಿತು, ಹಿಂದಕ್ಕೆಳೆದುಕೊಂಡೆ. ಕಾದೆ. ಎರಡು ರೊಟ್ಟಿ ತಿನ್ನುವಷ್ಟು ಹೊತ್ತು ಕಾದೆ ಎಂದರೆ ಉತ್ಪ್ರೇಕ್ಷೆಯಾದೀತು, ರೊಟ್ಟಿಯನ್ನು ನಾನಿನ್ನೂ ಮುಟ್ಟಿರಲಿಲ್ಲ.

ಸೆಟ್ಟಿನಲ್ಲಿ ಒಂದು ಕಿರುಸದ್ದು. ನಂತರ ಮಾಸ್ತರರ ದನಿ: "ಬೈಲಹೊಂಗಲದಿಂದ. ಸುಮ್ನ ಟೆಸ್ಟಿಂಗ್, ತಮ್ಮಾ." ಪಿಪ್.

"ಸಿಗ್ನಲ್ ಚಲೋ ಐತ್ರಿ ಸರ್. ಊಟ ಆತ್ರಿ?" ಪಿಪ್.

"ಎಲ್ಲೀದೋ. ಒಬ್ಬಂದ ಏನ್ ಊಟ ಅಂತ ಇನ್ನೂ ಒಲಿನ ಹಚ್ಚಿಲ್ಲ." ಪಿಪ್.

"ಹಚ್ರಿ ಸರ್," ಎಂದೆ. "ನಾ ಇಲ್ಲೇ ಇರತೇನಿ."

ಪಿಪ್ ಎಂದಿತು. ನಾನು ಸೆಟ್ ಆರಿಸಲಿಲ್ಲ.